ಹದ್ದು ಟೀಚರ್ ಕೆರೆಯ ಅಂಚು ಅಳೆಸಿದ್ದು

ಪರೀಕ್ಷೆಯ ಕೋಣೆಯಲ್ಲಿ ಯಾರ ಕತ್ತು ಎಷ್ಟು ಡಿಗ್ರಿ ತಿರುಗಿತೆಂದು ಕೋನಮಾಪಕವಿಲ್ಲದೆ ಹೇಳಬಲ್ಲವರು ಆ ಹೈಸ್ಕೂಲಿನಲ್ಲಿ ಒಬ್ಬರೇ ಇದ್ದರು, ಗಣಿತದ ಟೀಚರ್. ಮಕ್ಕಳು ಅವರಿಗೆ ಹದ್ದು ಎಂದು ಹೆಸರಿಟ್ಟಿದ್ದರು. ಆ ಹೆಸರು ತಮ್ಮ ಕಿವಿಗೇ ಬಿದ್ದಿಲ್ಲ ಎನ್ನುವಂತೆ ಟೀಚರ್ ನಟಿಸುತ್ತಿದ್ದರು. ನಿಜ ಹೇಳಬೇಕೆಂದರೆ ಒಳಗೊಳಗೇ ಅದರ ಬಗ್ಗೆ ಅವರಿಗೆ ಭಾರಿ ಹೆಮ್ಮೆ. ಅಷ್ಟು ವರ್ಷದ ಕೆಲಸಕ್ಕೆ ಸಿಕ್ಕ ಬಿರುದು ಅದೊಂದೇ.

ಪೆನ್ನಿನ ಮುಚ್ಚಳದೊಳಗಿನ ಚೀಟಿ, ರಬ್ಬರಿನ ಹೊದಿಕೆಯ ಒಳಮೈಗೆ ಬರೆದ ಸೂತ್ರ, ಗಾಯವೇ ಇಲ್ಲದ ಬೆರಳಿಗೆ ಸುತ್ತಿದ ಬ್ಯಾಂಡೇಜಿನ ಮೇಲಿನ ಪ್ರಮೇಯ, ಯಾವುದೂ ಅವರ ಕಣ್ಣು ತಪ್ಪಿಸುತ್ತಿರಲಿಲ್ಲ. ಕಾಪಿ ಹೊಡೆದವರನ್ನು ಹಿಡಿದಾಗ ಅವರು ಕೂಗಾಡುತ್ತಲೂ ಇರಲಿಲ್ಲ. ಮೆಲ್ಲಗೆ ಬಂದು ಬೆಂಚಿನ ಪಕ್ಕ ನಿಂತು, ಕಿಟಕಿಯ ಆಚೆ ನೋಡುತ್ತಾ, ಅಂಗೈ ಚಾಚುವುದು. ಚೀಟಿ ತಾನಾಗಿ ಬಂದು ಆ ಅಂಗೈ ಮೇಲೆ ಕೂರುತ್ತಿತ್ತು. ಈ ಚಾಳಿ ಮನೆಗೂ ಹಿಂಬಾಲಿಸಿತ್ತು. ಗಡಿಯಾರ ರಿಪೇರಿ ಮಾಡುವ ಅವರ ಗಂಡ ಸಂಜೆ ಪದಬಂಧದ ಪುಸ್ತಕ ಹಿಡಿದು ಕೂತಾಗ ಕೊನೆಯ ಪುಟದ ಉತ್ತರಗಳ ಕಡೆಗೆ ಹೆಬ್ಬೆರಳು ಜಾರಿಸಿದರೆ ಸಾಕು, ಅಡುಗೆಮನೆಯಿಂದ "ರೀ" ಎಂಬ ಒಂದಕ್ಷರ ಬರುತ್ತಿತ್ತು. ನಡುವೆ ಒಂದು ಗೋಡೆ ಇತ್ತು ಎಂಬುದನ್ನು ಗಮನಿಸಬೇಕು.

ಆ ವರ್ಷ ಟೀಚರ್ ಪಾಲಿಗೆ ಬಂದದ್ದು ಒಂಬತ್ತನೆಯ ತರಗತಿಯ ಸಿ ವಿಭಾಗ. ಎ ಮತ್ತು ಬಿಯಲ್ಲಿ ಜಾಗ ಸಿಗದವರು, ಸಿಕ್ಕರೂ ಅಲ್ಲಿ ನಿಲ್ಲದವರು, ಬೇರೆ ಶಾಲೆಗಳು ನಯವಾಗಿ ಸಾಗಹಾಕಿದವರು, ಎಲ್ಲರೂ ಅಲ್ಲಿ ಜಮಾಯಿಸಿದ್ದರು. ಜಗಳಗಂಟರೇನಲ್ಲ. ಒಬ್ಬರಿಗೊಬ್ಬರು ಪ್ರಾಣ ಕೊಡುವಷ್ಟು ಒಗ್ಗಟ್ಟು, ಆ ಒಗ್ಗಟ್ಟೇ ತೊಂದರೆ. ಒಬ್ಬರಿಗೆ ಬಂದ ಉತ್ತರ ಎಲ್ಲರಿಗೂ ಬರಬೇಕು ಎಂಬುದು ಅವರ ನ್ಯಾಯವಾಗಿತ್ತು. ಈ ಹಂಚಿಕೆಯ ಉಸ್ತುವಾರಿ ಕೊನೆಯ ಬೆಂಚಿನ ಒಬ್ಬ ಹುಡುಗಿಯದು. ಎರಡು ಬೆಂಚು ಆಚೆಗಿರುವ ಹಾಳೆಯನ್ನು ತಲೆಕೆಳಗಾಗಿಯೂ ಓದಬಲ್ಲವಳು, ಓದಿದ್ದನ್ನು ಅಕ್ಷರ ಬಿಡದೆ ಇಳಿಸಬಲ್ಲವಳು. ಅವಳನ್ನು ಎಲ್ಲರೂ ಜೆರಾಕ್ಸ್ ಎಂದೇ ಕರೆಯುತ್ತಿದ್ದರು. ಹದ್ದಿಗೂ ಜೆರಾಕ್ಸಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಶಾಲೆಗೆಲ್ಲ ಗೊತ್ತಿತ್ತು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎಡವಟ್ಟಾಯಿತು. ಹದ್ದನ್ನು ಆ ದಿನ ಬೇರೆ ಕೋಣೆಯ ಕಾವಲಿಗೆ ಹಾಕಿದ್ದರು. ಸಿ ವಿಭಾಗವನ್ನು ಕಾಯುತ್ತಿದ್ದ ಡ್ರಾಯಿಂಗ್ ಮೇಷ್ಟರು ಕಿಟಕಿ ಪಕ್ಕ ಕೂತು ಮರವೊಂದರ ಚಿತ್ರ ಬರೆಯುತ್ತಾ ಮೈಮರೆತಿದ್ದರು. ಪ್ರಶ್ನೆಪತ್ರಿಕೆಯಲ್ಲಿ ತಂದೆ ಮಗನ ವಯಸ್ಸು ಕಂಡುಹಿಡಿಯುವ ಲೆಕ್ಕವಿತ್ತು. ಮೊದಲ ಬೆಂಚಿನ ಜಾಣನೊಬ್ಬ ಅವಸರದಲ್ಲಿ ಅದಲುಬದಲು ಮಾಡಿ ತಂದೆಗೆ ಏಳು ವರ್ಷ, ಮಗನಿಗೆ ಮೂವತ್ತೈದು ಎಂದು ಬರೆದ. ಗಂಟೆ ಹೊಡೆಯುವ ಹೊತ್ತಿಗೆ ಇಡೀ ಸಿ ವಿಭಾಗದಲ್ಲಿ ತಂದೆಯಂದಿರಿಗೆಲ್ಲ ಏಳೇ ವರ್ಷ. ಒಬ್ಬ ಮಾತ್ರ, ತಂದೆ ತೀರಾ ಚಿಕ್ಕವನಾದನಲ್ಲ ಎಂಬ ಕನಿಕರಕ್ಕೆ, ಎಂಟು ಎಂದು ಬರೆದಿದ್ದ.

ಉತ್ತರಪತ್ರಿಕೆಗಳು ಹೆಡ್‌ಮಿಸ್ ಮೇಜಿಗೆ ಹೋದವು. ಈ ಹೆಡ್‌ಮಿಸ್ ಬೇರೆ ಯಾರೂ ಅಲ್ಲ, ಹದ್ದು ಟೀಚರ್‌ನ ಸ್ವಂತ ಅಕ್ಕ. ಇಬ್ಬರ ಸಂಸಾರವೂ ಒಂದೇ ಮನೆಯಲ್ಲಿ, ಅಕ್ಕ ಮಹಡಿಯ ಮೇಲೆ, ತಂಗಿ ಕೆಳಗೆ, ಅಡುಗೆಮನೆ ಮಾತ್ರ ಒಂದೇ. ಮನೆಯಲ್ಲಿ ಅಕ್ಕ, ನೀನು, ಕಣೇ ಎಲ್ಲವೂ ನಡೆಯುತ್ತಿತ್ತು. ಶಾಲೆಯ ಗೇಟು ದಾಟಿದ ಕೂಡಲೇ ಅಕ್ಕ ಮೇಡಂ ಆಗುತ್ತಿದ್ದರು, ತಂಗಿ ನೀವು ಆಗುತ್ತಿದ್ದರು. ಈ ಕಾನೂನು ಅಕ್ಕನದೇ. ಭಾಷೆ ಕಲಿಸುತ್ತಾ ಮೇಲೇರಿದ ಹೆಂಗಸು, ಶಿಸ್ತೆಂದರೆ ಜೀವ.

"ನಿಮ್ಮ ಸಿ ವಿಭಾಗದಲ್ಲಿ ಎಷ್ಟು ಮಕ್ಕಳಿದ್ದಾರೋ ಅಷ್ಟು ತಲೆ ಇಲ್ಲ, ಒಂದೇ ತಲೆ ಇರೋದು," ಎಂದರು ಮೇಡಂ. "ಇನ್ನೊಂದು ಸಲ ಎಲ್ಲರ ಉತ್ತರ ಒಂದೇ ಬಂದಿದ್ದು ನನ್ನ ಕಣ್ಣಿಗೆ ಬಿದ್ರೆ ಆ ವಿಭಾಗ ಮುಚ್ತೀನಿ. ಅರ್ಧ ಎಗೆ, ಅರ್ಧ ಬಿಗೆ. ನೀವು ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡೋಕೆ ಹೋಗಿ. ಆ ಜೆರಾಕ್ಸ್ ಅನ್ನೋ ಹುಡುಗೀನ ಮಾತ್ರ ಆ ಎರಡು ವಿಭಾಗದೋರೂ ತಗೊಳ್ಳಲ್ಲ ಅಂತಾರೆ. ಅವಳಿಗೆ ಟಿ.ಸಿ."

"ಮೇಡಂ, ಈ ಊರಲ್ಲಿ ಮಿಕ್ಕಿದ ಶಾಲೆಗಳೆಲ್ಲ ಅವಳನ್ನ ಆಗಲೇ ನೋಡಿ ಆಗಿದೆ."

"ಅದು ನನಗೂ ಗೊತ್ತು."

ಟೀಚರ್ ಹೊರಗೆ ಬಂದು ಕಾರಿಡಾರಿನಲ್ಲಿ ನಿಂತರು. ಮಗ್ಗಿ ಹೇಳಿಕೊಡುವುದು ಅವರಿಗೆ ದೊಡ್ಡ ವಿಷಯವಲ್ಲ. ಚುಚ್ಚಿದ್ದು ಜೆರಾಕ್ಸಿನ ಮಾತು. ಆ ಹುಡುಗಿಯನ್ನು ಅವರು ಹಿಡಿದ ಸಲಗಳಿಗೆ ಲೆಕ್ಕವಿಲ್ಲ, ಅವಳು ಅವರಿಗೆ ಚಳ್ಳೆಹಣ್ಣು ತಿನ್ನಿಸಿದ ಸಲಗಳೂ ಕಡಿಮೆಯೇನಲ್ಲ. ಅವಳಿಲ್ಲದ ತರಗತಿಯಲ್ಲಿ ತಾನು ನೋಡಬೇಕಾದ್ದೇನಿದೆ ಎಂದು ಯೋಚಿಸಿದಾಗ ಅವರಿಗೇ ದಿಗಿಲಾಯಿತು. ತನಗೆ ಆ ಹುಡುಗಿಯೆಂದರೆ ಇಷ್ಟ ಎಂದು ಒಪ್ಪಿಕೊಳ್ಳಲು ಕಾರಿಡಾರಿನ ಆ ತುದಿಯವರೆಗೆ ಹೋಗಿ ಈ ತುದಿಗೆ ಬರಬೇಕಾಯಿತು.

ಈಗ ಬೇಕಾದದ್ದು ಕಾಪಿ ಹೊಡೆಯಲು ಸಾಧ್ಯವೇ ಇಲ್ಲದ ಒಂದು ಪಾಠ. ಎಲ್ಲರಿಗೂ ಬೇರೆಬೇರೆ ಉತ್ತರ ಬರಬೇಕು, ಎಲ್ಲವೂ ಸರಿಯಾಗಿರಬೇಕು. ಗಣಿತದಲ್ಲಿ ಅಂಥದ್ದೆಲ್ಲಿ ಸಿಗುತ್ತದೆ? ಆಗ ಅವರಿಗೆ ಹಿಂದೊಮ್ಮೆ ಹೋಗಿದ್ದ ತರಬೇತಿ ಶಿಬಿರ ನೆನಪಾಯಿತು. ಊಟದ ನಂತರದ ಅವಧಿ, ತಲೆಯ ಮೇಲೆ ಫ್ಯಾನು, ಸಭಾಂಗಣದ ತುಂಬ ಶಿಕ್ಷಕರ ಗೊರಕೆ. ವೇದಿಕೆಯ ಮೇಲಿದ್ದ ಬಡಪಾಯಿ ಉಪನ್ಯಾಸಕ ಸಮುದ್ರದ ದಡದ ಉದ್ದ ಎಷ್ಟು ಎಂದು ಕೇಳಿದ್ದ. ಅಳೆಯುವ ಕೋಲು ಚಿಕ್ಕದಾದಷ್ಟೂ ದಡ ಉದ್ದವಾಗುತ್ತದೆ, ಇದೇ ಉದ್ದ ಎಂಬ ಕೊನೆಯ ಮಾತೇ ಇಲ್ಲ ಎಂದಿದ್ದ. ಎಚ್ಚರವಾಗಿದ್ದ ಹದ್ದು ಟೀಚರ್ ಆವತ್ತು ಅದನ್ನು ಕೇಳಿ ಬೆರಗಾಗಿದ್ದರು. ಈಗ ಕಾರಿಡಾರಿನಲ್ಲಿ ನಿಂತಾಗ ಬೆರಗೆಲ್ಲ ಹೋಗಿ ಶುದ್ಧ ಪೊಲೀಸು ಬುದ್ಧಿ ಕೆಲಸ ಮಾಡಿತು. ಒಬ್ಬೊಬ್ಬರಿಗೆ ಒಂದೊಂದು ಕೋಲು ಕೊಟ್ಟರೆ ಪಕ್ಕದವರ ಹಾಳೆ ನೋಡಿ ಮಾಡುವುದೇನು?

ಮರುದಿನ ಅವರು ಚೀಲದಲ್ಲಿ ಒಂದು ಹೂಕೋಸು ಹಾಕಿಕೊಂಡು ತರಗತಿಗೆ ಬಂದರು. ಮೇಜಿನ ಮೇಲಿಟ್ಟು, "ಇದೇನು?" ಎಂದರು.

"ಹೂಕೋಸು," ಎಂದಿತು ಇಡೀ ತರಗತಿ. ಕಾಪಿ ಹೊಡೆಯದೆ ಸಿ ವಿಭಾಗ ಒಕ್ಕೊರಲಿನಿಂದ ಕೊಟ್ಟ ಮೊದಲ ಸರಿ ಉತ್ತರ.

ಟೀಚರ್ ಅದರಿಂದ ಒಂದು ಗೊಂಚಲು ಮುರಿದು ಎತ್ತಿ ಹಿಡಿದರು. ಅದೂ ಪುಟ್ಟ ಹೂಕೋಸಿನಂತೆಯೇ ಇತ್ತು. ಅದರಿಂದ ಇನ್ನೊಂದು ಚೂರು, ಅದರಿಂದ ಮತ್ತೊಂದು. ಕೊನೆಗೆ ಬೆರಳ ತುದಿಯಲ್ಲಿ ಒಂದು ಕಾಳಿನಷ್ಟು ಉಳಿಯಿತು. ಭೂತಗನ್ನಡಿ ಹಿಡಿದು ನೋಡಿದರೆ ಅದೂ ಹೂಕೋಸೇ.

"ಟೀಚರ್, ಚಿಕ್ಕದು ದೊಡ್ಡದನ್ನ ನೋಡಿ ಕಾಪಿ ಹೊಡೆದಿದೆ," ಎಂದಳು ಕೊನೆಯ ಬೆಂಚಿನಿಂದ ಜೆರಾಕ್ಸ್.

"ಸರಿಯಾಗಿ ಹೇಳಿದೆ. ಪ್ರಕೃತಿ ಹೀಗೆ ಕಾಪಿ ಹೊಡೆದ್ರೆ ಅದಕ್ಕೆ ಫ್ರ್ಯಾಕ್ಟಲ್ ಅಂತ ಹೆಸರು. ನೀನು ಹೊಡೆದ್ರೆ ಸೊನ್ನೆ."

ಎಲ್ಲರೂ ನಕ್ಕರು, ಜೆರಾಕ್ಸ್ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ಎಲೆಯ ನರಗಳು, ಮರದ ಕೊಂಬೆಗಳು, ಶ್ವಾಸಕೋಶದ ಕವಲುಗಳು, ಮಿಂಚು ಎಂದು ಒಂದೊಂದಾಗಿ ಮಕ್ಕಳೇ ಹುಡುಕಿ ಹೇಳತೊಡಗಿದರು. ಹೂಕೋಸು ಬೆಂಚಿನಿಂದ ಬೆಂಚಿಗೆ ಹೋಗುತ್ತಾ ಕೊನೆಯ ಸಾಲು ತಲುಪುವಷ್ಟರಲ್ಲಿ ದಂಟು ಮಾತ್ರ ಉಳಿದಿತ್ತು. ಸಂಜೆ ಮನೆಯಲ್ಲಿ ಅಕ್ಕ ತರಕಾರಿ ಬುಟ್ಟಿ ತಡಕಾಡಿ, "ಹೂಕೋಸು ಎಲ್ಲಿ ಹೋಯ್ತೇ?" ಎಂದು ಕೇಳಿದರು. "ಪಾಠಕ್ಕೆ ಹೋಯ್ತಕ್ಕ," ಎಂದರು ತಂಗಿ. ಇವಳಿಗೇನೋ ತಲೆ ಕೆಟ್ಟಿದೆ, ಒಮ್ಮೆ ತರಗತಿಗೆ ಹೋಗಿ ನೋಡಬೇಕು ಎಂದು ಅಕ್ಕ ಆಗಲೇ ನಿರ್ಧರಿಸಿದರು.

ಮುಂದಿನ ಅವಧಿಯಲ್ಲಿ ಆಯಾಮದ ಮಾತು ಬಂತು. ಟೀಚರ್ ಬೋರ್ಡಿನ ಮೇಲೆ ಒಂದು ಗೆರೆ ಎಳೆದರು. ಅರ್ಧ ಅಳತೆಯ ಗೆರೆಗಳಾಗಿ ಅದನ್ನು ಕತ್ತರಿಸಿದರೆ ಎರಡು ತುಂಡು. ಒಂದು ಚೌಕ ಬರೆದರು. ಅರ್ಧ ಅಳತೆಯ ಚೌಕಗಳಾದರೆ ನಾಲ್ಕು. ಒಂದು ಪೆಟ್ಟಿಗೆ ಬರೆದರು. ಎಂಟು.

"ಎರಡು ಅಂದ್ರೆ ಎರಡರ ಒಂದನೇ ಘಾತ. ನಾಲ್ಕು ಎರಡನೇ ಘಾತ. ಎಂಟು ಮೂರನೇ ಘಾತ. ಆ ಘಾತವೇ ಆಯಾಮ. ಗೆರೆಗೆ ಒಂದು, ಚೌಕಕ್ಕೆ ಎರಡು, ಪೆಟ್ಟಿಗೆಗೆ ಮೂರು. ಇಲ್ಲಿವರೆಗೂ ಯಾರಿಗೂ ತಕರಾರಿಲ್ಲ ತಾನೆ?"

ತಕರಾರಿರಲಿಲ್ಲ. ಆಗ ಅವರು ಇನ್ನೊಂದು ಗೆರೆ ಎಳೆದು ಮೂರು ಭಾಗ ಮಾಡಿದರು. ನಡುವಿನ ಭಾಗ ಅಳಿಸಿ ಅಲ್ಲಿ ಅಷ್ಟೇ ಉದ್ದದ ಎರಡು ಗೆರೆಗಳಿಂದ ಡೇರೆಯಂತೆ ಒಂದು ಗೋಪುರ ಎಬ್ಬಿಸಿದರು. ಈಗ ನಾಲ್ಕು ಗೆರೆ. ಪ್ರತಿಯೊಂದರ ನಡುವೆಯೂ ಮತ್ತೆ ಡೇರೆ, ಆ ಡೇರೆಗಳ ಗೋಡೆಗಳ ಮೇಲೂ ಡೇರೆ. ಸೀಮೆಸುಣ್ಣ ದಪ್ಪವಾಗಿ ಕೈಕೊಡುವವರೆಗೂ ಬರೆದರು. "ಇದನ್ನ ಮೂರರಲ್ಲಿ ಒಂದು ಅಳತೆಗೆ ಇಳಿಸಿದ್ರೆ ಪೂರ್ತಿ ಆಗೋಕೆ ನಾಲ್ಕು ತುಂಡು ಬೇಕು. ಬರೀ ಗೆರೆ ಆಗಿದ್ರೆ ಮೂರು ಸಾಕಿತ್ತು. ಚೌಕ ಆಗಿದ್ರೆ ಒಂಬತ್ತು ಬೇಕಿತ್ತು. ಹಾಗಾದ್ರೆ ಮೂರರ ಎಷ್ಟನೇ ಘಾತ ನಾಲ್ಕು?"

ಒಂದಲ್ಲ, ಎರಡೂ ಅಲ್ಲ. ಕ್ಯಾಲ್ಕುಲೇಟರ್ ಒತ್ತಿ ಒತ್ತಿ ನೋಡಿದ ಮೇಲೆ ಒಂದೂಕಾಲು ಚಿಲ್ಲರೆ ಎಂದು ತಿಳಿಯಿತು.

"ಒಂದೂಕಾಲು ಆಯಾಮನಾ?" ಎಂದ ಮೊದಲ ಬೆಂಚಿನ ಜಾಣ. "ಆಯಾಮವನ್ನೂ ತೂಕ ಹಾಕಿ ಕೊಡ್ತಾರಾ ಟೀಚರ್?"

"ಕೊಡ್ತಾರೆ. ಗೆರೆ ಅನ್ನೋಕೆ ಇದು ತುಂಬ ಡೊಂಕು. ಬಯಲು ಅನ್ನೋಕೆ ಇದಕ್ಕೆ ಮೈಯಿಲ್ಲ. ನಡುವೆ ಎಲ್ಲೋ ಇದೆ. ಎಷ್ಟು ಡೊಂಕು ಅನ್ನೋದನ್ನ ಆ ಚಿಲ್ಲರೆ ಹೇಳತ್ತೆ."

ಅದಾದ ಮೇಲೆ ಬಂತು ನಿಜವಾದ ಬಲೆ. ಶಾಲೆಯ ಹಿಂದೆ ಕೊಲ್ಲಿ ಕೊರಕಲುಗಳೇ ತುಂಬಿದ ಒಂದು ಕೆರೆಯಿತ್ತು. ಟೀಚರ್ ಅದರ ದೊಡ್ಡ ನಕಾಶೆಯೊಂದನ್ನು ಸಂಪಾದಿಸಿ ಎಲ್ಲರಿಗೂ ಒಂದೊಂದು ಪ್ರತಿ ತೆಗೆಸಿ ಹಂಚಿದರು. ಆ ತರಗತಿಯ ಚರಿತ್ರೆಯಲ್ಲಿ ನ್ಯಾಯವಾಗಿ ನಡೆದ ನಕಲು ಅದೊಂದೇ. ಜಾಮಿಟ್ರಿ ಬಾಕ್ಸಿನಿಂದ ಡಿವೈಡರ್ ತೆಗೆಯಬೇಕು, ಎರಡು ಮೊನೆಗಳ ನಡುವೆ ಟೀಚರ್ ಹೇಳಿದಷ್ಟು ಅಂತರ ಬಿಡಬೇಕು, ಕೆರೆಯ ಅಂಚಿನ ಮೇಲೆ ಅದನ್ನು ಹೆಜ್ಜೆಹೆಜ್ಜೆಯಾಗಿ ನಡೆಸುತ್ತಾ ಒಂದು ಸುತ್ತು ಬರಬೇಕು. ಹೆಜ್ಜೆಗಳನ್ನು ಎಣಿಸಿ ಉದ್ದ ಬರೆಯಬೇಕು. ಆಮೇಲೆ ಅಂತರವನ್ನು ಅರ್ಧ ಮಾಡಿ ಇನ್ನೊಂದು ಸುತ್ತು. ಯಾರ ಅಂತರವೂ ಇನ್ನೊಬ್ಬರದರಂತಿಲ್ಲ.

"ದೊಡ್ಡ ಹೆಜ್ಜೆ ಇಡೋರು ಸಣ್ಣ ಕೊಲ್ಲಿಗಳನ್ನ ಹಾರಿಕೊಂಡು ಹೋಗ್ತಾರೆ, ಆನೆ ಥರ. ಸಣ್ಣ ಹೆಜ್ಜೆಯೋರು ಒಳಗೆ ಇಳಿದು ಹತ್ತಬೇಕು, ಇರುವೆ ಥರ. ಅದಕ್ಕೆ ಇರುವೆಗೆ ಕೆರೆ ಉದ್ದ. ಇಬ್ಬರ ಉದ್ದ ಒಂದೇ ಬಂದ್ರೆ ಇಬ್ರಿಗೂ ಸೊನ್ನೆ," ಎಂದು ಟೀಚರ್ ಕೈಕಟ್ಟಿ ನಿಂತರು.

ಸಿ ವಿಭಾಗಕ್ಕೆ ಸಿಡಿಲು ಬಡಿದಂತಾಯಿತು. ಜೆರಾಕ್ಸ್ ಅಭ್ಯಾಸಬಲದಿಂದ ಎಡಕ್ಕೆ ನೋಡಿದಳು, ಉಪಯೋಗವಿಲ್ಲ. ಬಲಕ್ಕೆ ನೋಡಿದಳು, ಅಲ್ಲಿಯೂ ಇಲ್ಲ. ಮುಂದಿನ ಬೆಂಚನ್ನು ತಲೆಕೆಳಗಾಗಿ ಓದಿದಳು, ಅದು ಯಾರದೋ ಆನೆಯ ಲೆಕ್ಕ. ಹುಟ್ಟಿದಂದಿನಿಂದ ಊರೆಲ್ಲ ತನ್ನ ಹಾಳೆ ಎಂದು ಬದುಕಿದವಳಿಗೆ ತನ್ನ ಹಾಳೆಯೊಂದೇ ಉಳಿಯಿತು. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕೂತಿದ್ದಳು. ಆಮೇಲೆ ಡಿವೈಡರ್ ಎತ್ತಿಕೊಂಡು ಬಗ್ಗಿದಳು. ನಾಲಿಗೆಯ ತುದಿ ತುಟಿಯಂಚಿಗೆ ಬಂತು. ಕೆರೆಯ ದಕ್ಷಿಣದ ಕೊಲ್ಲಿಯಲ್ಲಿ ಲೆಕ್ಕ ತಪ್ಪಿ ಮೊದಲಿನಿಂದ ಶುರುಮಾಡಿದಳು, ಇನ್ನೊಮ್ಮೆ ತಪ್ಪಿ ಇನ್ನೊಮ್ಮೆ. ಟೀಚರ್ ಅವಳನ್ನು ನೋಡುತ್ತಾ ನಿಂತಲ್ಲೇ ನಿಂತರು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಅದು ಮುಖದಲ್ಲಿ ಕಾಣಬಾರದೆಂದು ಕಿಟಕಿಯ ಕಡೆ ತಿರುಗಿದರು.

ಕೊನೆಯಲ್ಲಿ ಒಂದು ಸಣ್ಣ ಬಾಲಂಗೋಚಿ ಇತ್ತು. ಹೆಜ್ಜೆ ಅರ್ಧವಾದಾಗ ಹೆಜ್ಜೆಗಳ ಸಂಖ್ಯೆ ಎಷ್ಟು ಪಟ್ಟಾಯಿತು, ಆ ಪಟ್ಟು ಎರಡರ ಎಷ್ಟನೇ ಘಾತ ಎಂದು ನೋಡಿ ಕೆರೆಯಂಚಿನ ಆಯಾಮ ಬರೆಯಬೇಕು. ಹೊಸ ಲೆಕ್ಕ ಕಂಡು ಮಕ್ಕಳು ಕಂಬಿ ಕಿತ್ತಾರೆಂದು ಹೆದರಿ ಟೀಚರ್, "ದಶಮಾಂಶದ ನಂತರ ಒಂದೇ ಅಂಕಿ ಸಾಕು, ಹತ್ತಿರದ ಅಂಕಿಗೆ ದುಂಡು ಮಾಡಿಬಿಡಿ," ಎಂದರು. ಅವರು ಮಾಡಿದ ಎಡವಟ್ಟು ಇದೇ.

ಉತ್ತರಗಳನ್ನು ಬೋರ್ಡಿನ ಮೇಲೆ ಬರೆಯಿಸುವ ದಿನ ಹೆಡ್‌ಮಿಸ್ ಮುನ್ಸೂಚನೆಯಿಲ್ಲದೆ ಒಳಗೆ ಬಂದರು. ಎಲ್ಲ ಬೆಂಚುಗಳೂ ತುಂಬಿದ್ದವು, ಕೊನೆಯದರಲ್ಲಿ ಜೆರಾಕ್ಸ್ ಪಕ್ಕ ಮಾತ್ರ ಜಾಗವಿತ್ತು. ಮೇಡಂ ಅಲ್ಲಿಯೇ ಕೂತರು. ಜೆರಾಕ್ಸ್ ಬೆನ್ನು ನೆಟ್ಟಗೆ ಮಾಡಿಕೊಂಡಳು.

ಒಬ್ಬೊಬ್ಬರೇ ಬಂದು ತಮ್ಮ ಉದ್ದ ಬರೆದರು. ಒಬ್ಬರಿಗೆ ಕೆರೆಯ ಸುತ್ತಳತೆ ಎಂಬತ್ತು ಸೆಂಟಿಮೀಟರ್, ಒಬ್ಬರಿಗೆ ತೊಂಬತ್ತೇಳು, ಇರುವೆಗಳಿಗೆ ನೂರರ ಮೇಲೆ. ಒಂದರಂತೆ ಒಂದಿಲ್ಲ.

"ಒಂದೇ ಕೆರೆಗೆ ಇಷ್ಟು ಉದ್ದಗಳಾ?" ಎಂದರು ಮೇಡಂ. "ಇದರಲ್ಲಿ ಸರಿ ಯಾವುದು?"

"ಎಲ್ಲವೂ ಸರಿ, ಮೇಡಂ," ಎಂದರು ಟೀಚರ್. ಅವರ ಧ್ವನಿಯಲ್ಲಿ ಗೆದ್ದವರ ಗತ್ತಿತ್ತು.

ಆಮೇಲೆ ಕೊನೆಯ ಕಾಲಂ. ಮೊದಲ ಬೆಂಚಿನ ಜಾಣ ಬಂದು 1.2 ಎಂದು ಬರೆದ. ಅವನ ಪಕ್ಕದವಳು 1.2 ಬರೆದಳು. ಮೂರನೆಯವನೂ 1.2. ಬೋರ್ಡಿನ ಮೇಲಿಂದ ಕೆಳಗಿನವರೆಗೆ ಅದೊಂದೇ ಸಂಖ್ಯೆ ಸಾಲುಗಟ್ಟಿ ಇಳಿಯಿತು. ಕೊನೆಯಲ್ಲಿ ಬಂದ ಜೆರಾಕ್ಸ್ ಕೂಡ ದುಂಡಗೆ 1.2 ಎಂದು ಬರೆದು ಹೋಗಿ ಕೂತಳು.

ಮೇಡಂ ಎದ್ದು ನಿಂತರು.

"ಇವತ್ತೂ ಒಂದೇ ತಲೆ," ಎಂದರು.

ಇಲ್ಲಿ ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ಉದ್ದಗಳು ಬೇರೆಯಾಗಿಯೇ ಇದ್ದು ಆಯಾಮ ಮಾತ್ರ ಒಂದೇ ಬರಬೇಕು ಎಂಬುದು ಅವರಿಗೆ ಗೊತ್ತಿತ್ತು, ತಾವೇ ಪಾಠ ಮಾಡಿದ್ದರು. ಆದರೆ ಅವರ ತಲೆ ಉದ್ದದ ಬಲೆಯಲ್ಲೇ ಸಿಕ್ಕಿಕೊಂಡಿತ್ತು, ಬಾಲಂಗೋಚಿಯನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಈಗ ಬೋರ್ಡಿನ ಮೇಲೆ ಸಾಲಾಗಿ ನಿಂತ ಒಂದೇ ಉತ್ತರವನ್ನು ಕಂಡಾಗ ಅವರೊಳಗಿನ ಗಣಿತ ಬಾಯಿ ತೆರೆಯುವ ಮೊದಲೇ ಹದ್ದು ಹಾರಿತು. ನೇರವಾಗಿ ಕೊನೆಯ ಬೆಂಚಿನ ಬಳಿ ಹೋಗಿ, ಕಿಟಕಿಯ ಆಚೆ ನೋಡುತ್ತಾ ಅಂಗೈ ಚಾಚಿ ನಿಂತರು.

ಜೆರಾಕ್ಸ್ ಆ ಅಂಗೈಯನ್ನು ನೋಡಿದಳು. ಕೊಡಲು ಅವಳ ಹತ್ತಿರ ಚೀಟಿ ಇರಲಿಲ್ಲ.

"ನಾನು ಹೊಡೆದಿಲ್ಲ ಟೀಚರ್."

ಯಾರೋ ಕಿಸಕ್ಕೆಂದರು. ಅವಳ ಕಣ್ಣು ತುಂಬಿಕೊಂಡಿತು, ಆದರೆ ಮಾತು ನಿಲ್ಲಲಿಲ್ಲ. "ನಾನು ಕಾಪಿ ಹೊಡೀತೀನಿ. ಸುಳ್ಳು ಹೇಳಲ್ಲ. ಎಷ್ಟು ಸಲ ಹಿಡಿದಿದೀರಿ, ಒಂದು ಸಲನಾದ್ರೂ ಇಲ್ಲ ಅಂದಿದೀನಾ? ಕಾಪಿ ಹೊಡೆದ ಹಾಳೆ ಹೀಗಿರಲ್ಲ ಟೀಚರ್. ಕಾಪಿ ಆದ್ರೆ ತಪ್ಪೂ ಒಂದೇ ಇರತ್ತೆ. ನಮ್ಮ ತಪ್ಪುಗಳನ್ನ ನೋಡಿ, ಒಬ್ಬೊಬ್ರದು ಒಂದೊಂದು ಥರ."

ಟೀಚರ್ ಅವಳ ಹಾಳೆ ತೆಗೆದುಕೊಂಡರು, ಮುಂದಿನ ಬೆಂಚಿನದನ್ನೂ, ಅದರ ಮುಂದಿನದನ್ನೂ. ಒಬ್ಬ ಕೆರೆಯ ನಡುವಿನ ದ್ವೀಪವನ್ನೂ ಸುತ್ತಿ ಬಂದು ಅದನ್ನು ಹೊಡೆದುಹಾಕಿದ್ದ. ಒಬ್ಬಳ ಗುಣಾಕಾರ ತಪ್ಪಿ ಮೂರು ಸಲ ತಿದ್ದಿಕೊಂಡಿದ್ದಳು. ಮೂಲೆಗಳಲ್ಲಿ, ಒಂದೇ ಅಂಕಿ ಸಾಕು ಎಂದು ದುಂಡು ಮಾಡುವ ಮೊದಲಿನ ಉತ್ತರಗಳಿದ್ದವು: 1.17, 1.24, 1.19, 1.22. ಜೆರಾಕ್ಸ್‌ದು 1.21. ಒಂದೇ ಮನೆಯ ಮಕ್ಕಳ ಮುಖಗಳಂತೆ ಹೋಲುತ್ತಿದ್ದವು, ಒಂದೇ ಆಗಿರಲಿಲ್ಲ. ಅವುಗಳನ್ನೆಲ್ಲ ಒಂದೇ ಸಮ ಮಾಡಿ ಕಳ್ಳರಂತೆ ಕಾಣಿಸಿದ್ದು ಟೀಚರ್ ಕೊಟ್ಟ ಸಲಹೆಯೇ.

ಅವರಿಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಹಾಳೆಗಳನ್ನು ಅವರವರ ಮುಂದೆ ಮರಳಿ ಇಟ್ಟರು. "ನಿನ್ನನ್ನ ನಂಬಲಿಲ್ಲ ನಾನು, ತಪ್ಪಾಯ್ತಮ್ಮ," ಎಂದರು, ಇಡೀ ತರಗತಿಗೆ ಕೇಳುವಂತೆ. ಜೆರಾಕ್ಸ್ ತೋಳಿನಿಂದ ಮೂಗು ಒರೆಸಿಕೊಂಡಳು. ಹದ್ದು ಕ್ಷಮೆ ಕೇಳುವುದನ್ನು ಆ ಶಾಲೆಯಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ.

"ಮೇಡಂ, ಇದು ಕಾಪಿ ಅಲ್ಲ," ಎಂದು ಟೀಚರ್ ಅಕ್ಕನ ಕಡೆ ತಿರುಗಿದರು. "ಉದ್ದ ನಮ್ಮ ಹೆಜ್ಜೆಗೆ ಸೇರಿದ್ದು, ಅದಕ್ಕೆ ಒಬ್ಬೊಬ್ರಿಗೆ ಒಂದೊಂದು. ಡೊಂಕು ಕೆರೆಗೆ ಸೇರಿದ್ದು. ಆನೆ ಅಳೆದ್ರೂ ಇರುವೆ ಅಳೆದ್ರೂ ಡೊಂಕು ಅಷ್ಟೇ ಇರತ್ತೆ."

"ಮಾತಲ್ಲಿ ನೀವು ಯಾವತ್ತು ಸೋತಿದೀರಿ," ಎಂದರು ಮೇಡಂ. "ನನಗೊಂದು ನಕಾಶೆ ಕೊಡಿ, ಡಿವೈಡರ್ ಕೊಡಿ. ನಾನೇ ಅಳೀತೀನಿ. ನನಗೂ ಅದೇ ಬಂದ್ರೆ ಸಿ ವಿಭಾಗ ಇರತ್ತೆ. ಬರದಿದ್ರೆ ಇವತ್ತೇ ಟಿ.ಸಿ. ಬರೀತೀನಿ."

ಹೆಡ್‌ಮಿಸ್ ಮತ್ತೆ ಕೊನೆಯ ಬೆಂಚಿನಲ್ಲಿ ಕೂತು ಕನ್ನಡಕ ಏರಿಸಿಕೊಂಡರು. ಯಾರೂ ತೆಗೆದುಕೊಳ್ಳದ ಅಂತರವೊಂದನ್ನು ಆರಿಸಿ ಮೂರು ಸೆಂಟಿಮೀಟರಿಗೆ ಮೊನೆಗಳನ್ನು ಬಿಡಿಸಿದರು. ಒಂದು ಸುತ್ತಿಗೆ ಇಪ್ಪತ್ತಾರು ಹೆಜ್ಜೆ. ಸರಾಗವಾಗಿ ಮುಗಿಯಿತು. ಆಮೇಲೆ ಒಂದೂವರೆ. ಇಲ್ಲಿ ತೊಡಕಾಯಿತು. ದಕ್ಷಿಣದ ಕೊಲ್ಲಿಯಲ್ಲಿ ಡಿವೈಡರ್ ಜಾರಿತು, ಎಣಿಕೆ ಮರೆಯಿತು. ಮೊದಲಿನಿಂದ ಎಣಿಸಿದರು. ದ್ವೀಪದ ಹತ್ತಿರ ಬಂದಾಗ ಹೊರಗೆ ಯಾವುದೋ ಗಾಡಿ ಹಾರ್ನ್ ಹೊಡೆಯಿತು, ಮತ್ತೆ ಮರೆಯಿತು. ಇಡೀ ಸಿ ವಿಭಾಗ ಅವರನ್ನೇ ನೋಡುತ್ತಿತ್ತು, ಸಹಾಯಕ್ಕೆ ಬಾಯಿ ತೆರೆದವನೊಬ್ಬನನ್ನು ಟೀಚರ್ ಕಣ್ಣಲ್ಲೇ ಕೂರಿಸಿದರು.

ಆಗ ಮೇಡಂ ಕತ್ತು ಮೆಲ್ಲಗೆ ಎಡಕ್ಕೆ ವಾಲಿತು. ಹತ್ತು ಡಿಗ್ರಿ, ಹದಿನೈದು. ಕನ್ನಡಕದ ಅಂಚಿನಿಂದ ದೃಷ್ಟಿ ಜೆರಾಕ್ಸಿನ ಹಾಳೆಯ ಕಡೆ ಇಳಿಯಿತು.

ಆ ವಾಲುವಿಕೆ ತಂಗಿಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕಂದಿನಲ್ಲಿ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು ಓದುವಾಗ ಅಕ್ಕನ ಕತ್ತು ಹೀಗೆಯೇ ವಾಲುತ್ತಿತ್ತು. ಅಕ್ಕ ಗಣಿತದಲ್ಲಿ ಪಾಸಾದದ್ದೆಲ್ಲ ಮೇಜಿನ ಈ ಬದಿಯ ಹಾಳೆಯಿಂದಲೇ. ತಂಗಿ ಅದನ್ನು ಯಾರಿಗೂ ಹೇಳಿರಲಿಲ್ಲ. ಹಿಡಿಯುವುದನ್ನು ಕಲಿತದ್ದು ಮಾತ್ರ ಆ ಮೇಜಿನಲ್ಲೇ.

ಟೀಚರ್ ಲೆಕ್ಕ ಹಾಕಿದರು, ಹಾಕಿದ ಕೂಡಲೇ ಬೆವರಿದರು. ಜೆರಾಕ್ಸ್ ಹಾಳೆಯಲ್ಲಿ ಸಣ್ಣ ಹೆಜ್ಜೆಯ ಎದುರು ಎಂಬತ್ತೆಂಟು ಎಂದಿತ್ತು. ಅದು ಜೆರಾಕ್ಸಿನ ಹೆಜ್ಜೆಗೆ ಸರಿ. ಅಕ್ಕ ಅದನ್ನು ತನ್ನ ಇಪ್ಪತ್ತಾರರ ಕೆಳಗೆ ಇಳಿಸಿಕೊಂಡರೆ ಆಯಾಮ ಒಂದೂಮುಕ್ಕಾಲಾಗುತ್ತದೆ, ವಿಭಾಗ ಮುಚ್ಚುತ್ತದೆ, ಹುಡುಗಿ ಬೀದಿಗೆ ಬೀಳುತ್ತಾಳೆ. ಹಿಡಿದರೆ ಅಕ್ಕನ ಮಾನ ಇಷ್ಟು ಮಕ್ಕಳ ಮುಂದೆ ಹರಾಜಾಗುತ್ತದೆ. ಟೀಚರ್ ಆದ ಮೇಲೆ ಮೊದಲ ಬಾರಿ, ಕಣ್ಣೆದುರು ಕಾಪಿ ನಡೆಯುತ್ತಿದ್ದರೂ ಹದ್ದಿಗೆ ನಿಂತಲ್ಲಿಂದ ಕಾಲು ಕೀಳಲಾಗಲಿಲ್ಲ.

ಅಕ್ಕನ ಪೆನ್ನು ಹಾಳೆಯ ಕಡೆ ಇಳಿಯಿತು.

ಜೆರಾಕ್ಸ್ ತನ್ನ ಹಾಳೆಯ ಮೇಲೆ ಅಂಗೈ ಇಟ್ಟು ಮುಚ್ಚಿದಳು. ಹೀಗೆ ಮುಚ್ಚುವುದನ್ನು ಅವಳು ಎಲ್ಲ ಬೆಂಚುಗಳಲ್ಲೂ, ಎಲ್ಲ ಶಾಲೆಗಳಲ್ಲೂ ನೋಡಿದ್ದಳು, ಮುಚ್ಚುತ್ತಿದ್ದವರು ಬೇರೆಯವರು, ಅವಳಿಗೆ ಕಾಣಬಾರದೆಂದು. ತಾನೇ ಮುಚ್ಚಿದ್ದು ಇದೇ ಮೊದಲು. "ಮೇಡಂ," ಎಂದಳು ಪಿಸುಗುಟ್ಟುವಂತೆ, "ನಿಮ್ಮ ಹೆಜ್ಜೆ ಬೇರೆ. ಇದು ನಿಮಗೆ ಬರಲ್ಲ. ಹತ್ತಕ್ಕೊಂದು ಸಲ ಅಂಚಲ್ಲಿ ಗೀಟು ಹಾಕ್ಕೊಳ್ಳಿ, ಎಣಿಕೆ ತಪ್ಪಲ್ಲ."

ಹೆಡ್‌ಮಿಸ್ ಕಿವಿಯವರೆಗೂ ಕೆಂಪಾದರು. ಆ ಹುಡುಗಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದರು, ತಂಗಿಯ ಕಡೆ ಮಾತ್ರ ನೋಡಲಿಲ್ಲ. ಮತ್ತೆ ಡಿವೈಡರ್ ಹಿಡಿದು ಅಂಚಿನಲ್ಲಿ ಗೀಟು ಹಾಕಿಕೊಳ್ಳುತ್ತಾ ಮೊದಲ ಕೊಲ್ಲಿಯಿಂದ ಕೊನೆಯ ಕೊಲ್ಲಿಯವರೆಗೆ ನಡೆದು ಬಂದರು. ಅರವತ್ತೊಂದು. ಭಾಗಿಸಿದ್ದು, ಘಾತ ಹುಡುಕಿದ್ದು ಎಲ್ಲ ಅವರೇ. ಆಮೇಲೆ ಎದ್ದು ಹೋಗಿ ಬೋರ್ಡಿನ ಕೊನೆಯಲ್ಲಿ, ಎಲ್ಲರ ಉತ್ತರಗಳ ಕೆಳಗೆ, 1.23 ಎಂದು ಬರೆದರು. ಒಂದಂಕಿಯನ್ನೂ ಬಿಡಲಿಲ್ಲ.

"ಸಿ ವಿಭಾಗ ಇರಲಿ," ಎಂದು ಹೇಳಿ ಸೀಮೆಸುಣ್ಣ ಕೆಳಗಿಟ್ಟು ಹೊರಟುಹೋದರು.

ಮಕ್ಕಳು ಬೆಂಚು ಬಡಿದು ಮಾಡಿದ ಗಲಾಟೆಗೆ ಪಕ್ಕದ ತರಗತಿಯ ಡ್ರಾಯಿಂಗ್ ಮೇಷ್ಟರು ಇಣುಕಿ ನೋಡಿ ಹೋದರು. ಟೀಚರ್ ಎಲ್ಲರ ಹಾಳೆಗಳನ್ನು ಒಟ್ಟುಮಾಡುತ್ತಾ ಕೊನೆಯ ಬೆಂಚಿಗೆ ಬಂದರು. ಜೆರಾಕ್ಸ್ ಇನ್ನೂ ಅಂಗೈ ತೆಗೆದಿರಲಿಲ್ಲ. ಟೀಚರ್ ಕೈ ಚಾಚದೆ, ಕಿಟಕಿಯ ಕಡೆ ನೋಡದೆ, ಅವಳನ್ನೇ ನೋಡುತ್ತಾ ಕಾದರು. ಹುಡುಗಿ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು.

"ಮಡಚಬೇಡಿ ಟೀಚರ್," ಎಂದಳು. "ಅದು ನಂದು."